ನೀರು ಮುಟ್ಟದ ಗೆರೆ

ನಮ್ಮೂರಿನಲ್ಲಿ ಯಾರನ್ನಾದರೂ ‘ಸಿಹಿ ಮನುಷ್ಯ’ ಎಂದರೆ ಜಗಳಕ್ಕೆ ಬರುತ್ತಾರೆ. ಸಿಹಿ ಅಂದರೆ ಕೈಕೊಡುವವನು, ನಂಬಿ ಮೈಬಿಟ್ಟರೆ ಕೆಳಗಿನಿಂದ ಜಾರಿಕೊಳ್ಳುವವನು. ಒಳ್ಳೆಯವನಾದರೆ ‘ಅವನು ಉಪ್ಪು ಕಣೋ’ ಎನ್ನುತ್ತೇವೆ. ಹೊರಗಿನಿಂದ ಬಂದ ಮೇಷ್ಟರೊಬ್ಬರು ನಮ್ಮಜ್ಜಿಯನ್ನು ‘ನಿಮ್ಮ ಮಾತು ಬಹಳ ಸಿಹಿ ತಾಯಿ’ ಎಂದು ಹೊಗಳಲು ಹೋಗಿ, ಪೊರಕೆ ಏಟಿನಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡರಂತೆ.

ನಮ್ಮ ಮನೆಗಳು ಉಪ್ಪಿನ ಮಡುವಿನ ಮೇಲಿವೆ. ಕಂಬ ನೆಟ್ಟು ಕಟ್ಟಿದ್ದಲ್ಲ, ದೋಣಿಯ ಮೇಲೆ ಕೂರಿಸಿದ್ದೂ ಅಲ್ಲ. ನೀರಿನ ಮೇಲೆಯೇ ಇವೆ. ಇಟ್ಟಿಗೆಯ ಗೋಡೆ, ಹೆಂಚಿನ ಮಾಡು, ಒಲೆ, ಒರಳುಕಲ್ಲು, ಗೋಡೆಗೆ ತಗುಲಿಹಾಕಿದ ತಾತನ ಫೋಟೋ, ಎಲ್ಲ ಸಮೇತ. ದಾರಿಯಲ್ಲಿ, ಅಂದರೆ ದೋಣಿಯಲ್ಲಿ, ಎದುರಾದವರು ‘ಮೇಲಿದ್ದೀರಾ?’ ಎಂದು ಕೇಳುತ್ತಾರೆ. ‘ಮೇಲಿದ್ದೀವಿ’ ಎನ್ನಬೇಕು. ಮನೆಗೆ ಸೊಸೆ ಬಂದರೆ ಗೋಡೆಯ ಮೇಲೆ ನೀರು ಚೂರು ಏರುತ್ತದೆ, ಯಾರಾದರೂ ಹೋದರೆ ಚೂರು ಇಳಿಯುತ್ತದೆ. ನೆಂಟರು ಹೆಚ್ಚು ದಿನ ಉಳಿದುಕೊಂಡರೆ ಮಾತಾಡಿ ಮುಖ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಮನೆಯ ಯಜಮಾನ ಹೊಸ್ತಿಲ ಕಡೆ ಎರಡು ಸಲ ನೋಡಿದರೆ ಸಾಕು, ಅವರೇ ಗಂಟು ಕಟ್ಟುತ್ತಾರೆ. ಅಕ್ಕಿ ತೊಳೆದ ನೀರಾಗಲಿ, ಮಿಂದ ನೀರಾಗಲಿ, ಹಿಡಿ ಉಪ್ಪು ಕದಡದೆ ಹೊರಗೆ ಚೆಲ್ಲುವಂತಿಲ್ಲ. ಈಜು ಎಂಬುದು ನಮಗೆ ಗೊತ್ತಿಲ್ಲ. ಮಗು ಹೊಸ್ತಿಲು ದಾಟಿ ನೀರಿಗೆ ಬಿದ್ದರೆ ತಾಯಿ ಸಾರಿಗೆ ಒಗ್ಗರಣೆ ಹಾಕಿ ಮುಗಿಸಿಯೇ ಏಳುತ್ತಾಳೆ. ಮಗು ಬೆಂಡಿನ ಹಾಗೆ ಮಲಗಿ ಆಕಾಶ ನೋಡುತ್ತಿರುತ್ತದೆ.

ನಂಜತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಸಿಹಿಸೀಮೆಗೆ, ಎಂದರೆ ಮಡುವಿನಿಂದಾಚೆ ಗಟ್ಟಿನೆಲದ ಊರೊಂದಕ್ಕೆ ಹೋದವಳು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ವಾಪಸು ಬಂದಳು. ನಾನು ಹುಟ್ಟುವ ಎಷ್ಟೋ ಮೊದಲೇ ಅವಳು ನಮ್ಮ ಮನೆಯ ನಡುಮನೆಯ ಮೂಲೆಯಲ್ಲಿ ಕೂತಾಗಿತ್ತು. ದಪ್ಪಗಿದ್ದಳು. ಅದನ್ನು ಅವಳೇ ಎಲ್ಲರಿಗಿಂತ ಮೊದಲು ಹೇಳಿಕೊಂಡು ನಗುತ್ತಿದ್ದಳು. “ನಾನೇ ಕಣ್ರೋ ಈ ಮನೆಗೆ ಲಂಗರು. ನಾನಿಲ್ದಿದ್ರೆ ಗಾಳಿಗೆ ಹಾರ್ಕೊಂಡು ಹೋಗ್ತಿದ್ರಿ” ಎನ್ನುವಳು. ನಿಜಕ್ಕೂ ಅವಳು ಮೂಲೆಯಿಂದ ಎದ್ದು ಅಡುಗೆಮನೆಗೆ ಹೋದರೆ ಗೂಡಿನಲ್ಲಿಟ್ಟ ದೀಪ ಆ ಕಡೆಗೆ ವಾಲುತ್ತಿತ್ತು.

ಬೆಳಿಗ್ಗೆ ಎದ್ದು ಮೊಟ್ಟೆ ಬಿಡುವುದು ಅತ್ತೆಯ ಕೆಲಸ. ಮಡುವಿನ ನೀರನ್ನು ಚೊಂಬಿನಲ್ಲಿ ಮೊಗೆದು ಅದರೊಳಗೆ ಒಂದು ಕೋಳಿಮೊಟ್ಟೆ ಬಿಟ್ಟು ನೋಡುವುದು ನಮ್ಮೂರಿನ ಪ್ರತಿ ಮನೆಯಲ್ಲೂ ಇರುವ ರೂಢಿ. ಮೊಟ್ಟೆ ತೇಲಿದರೆ ನೀರು ಗಟ್ಟಿಯಾಗಿದೆ ಎಂದರ್ಥ. ಮೊಟ್ಟೆ ಯಾಕೆ ತೇಲುತ್ತದೆ ಎಂದು ಚಿಕ್ಕವಳಿದ್ದಾಗ ನಾನು ಕೇಳಿದ್ದೆ. “ಉಪ್ಪು ನೀರು ಮೈಕೈ ತುಂಬ್ಕೊಂಡಿರುತ್ತೆ ಕಣೇ ಭಾಗಿ” ಎಂದಿದ್ದಳು. “ನಿನ್ನಷ್ಟು ತೂಕ ಆಗೋಕೆ ಅದು ಒಂದಿಷ್ಟು ಪಕ್ಕಕ್ಕೆ ಸರಿದ್ರೆ ಸಾಕು, ಅಷ್ಟಕ್ಕೇ ನಿನ್ನ ಹೊತ್ಕೊಂಡ್ಬಿಡುತ್ತೆ. ಸಿಹಿ ನೀರು ಬಡಕಲು ನೋಡು, ಅದು ಸರೀತಾ ಸರೀತಾ ಇರುತ್ತೆ, ನೀನು ಇಳೀತಾ ಇಳೀತಾ ಇರ್ತೀಯ.” ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಆಮೇಲೆ ಹೇಳಿಕೊಟ್ಟಿಲ್ಲ. ಅತ್ತೆಗೆ ಮೊಟ್ಟೆಯ ವಿಷಯ ಗೊತ್ತಿತ್ತು, ಮನೆಯ ವಿಷಯ ಗೊತ್ತಿತ್ತು. ತನ್ನ ವಿಷಯ ಅವಳು ಯೋಚಿಸಲೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅವಳು ನೀರಿನ ಮೇಲೆ ಅಡ್ಡಾಗುತ್ತಿದ್ದಳು. ಸೆರಗಿನ ತುದಿಯನ್ನು ಬಾಗಿಲ ಕಂಬಕ್ಕೆ ಗಂಟು ಹಾಕುವುದು, ನಿದ್ದೆಯಲ್ಲಿ ಗಾಳಿ ತಳ್ಳಿಕೊಂಡು ಹೋಗಬಾರದಲ್ಲ. ಮರದ ಎಲೆಯಡಿಕೆ ಪೆಟ್ಟಿಗೆಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳುವುದು. ಮಾಡಿನ ನೆರಳು ಸರಿದು ಮುಖಕ್ಕೆ ಬಿಸಿಲು ಬಿದ್ದಾಗ ಏಳುವುದು. ಮಳೆಗಾಲ, ಬೇಸಿಗೆ, ಜ್ವರ, ಹಬ್ಬ, ಯಾವುದೂ ಇದನ್ನು ತಪ್ಪಿಸಿದ್ದನ್ನು ನಾನು ನೋಡಿಲ್ಲ. ಅಮ್ಮ, ಊರವರ ಬಾಯಲ್ಲಿ ಸಾಕಮ್ಮ, ಅಡುಗೆಮನೆ ಕಿಟಕಿಯಿಂದ ಸೌಟಿನಲ್ಲಿ ನೀರು ಚಿಮುಕಿಸಿ “ಅತ್ತಿಗೆ, ಏಳಿ, ಕಾಫಿ” ಎನ್ನುತ್ತಿದ್ದಳು. ಅತ್ತಿಗೆ ನಾದಿನಿಯರ ನಡುವೆ ಎಂದೂ ಒಂದು ಬಿರುಸು ಮಾತು ಬಂದದ್ದಿಲ್ಲ. ಅದೇ ನಮ್ಮ ಮನೆಗೆ ತಗುಲಿದ ಶನಿ ಎಂದು ನನಗೆ ಈಗ ಅನಿಸುತ್ತದೆ. ಬೈದಾಡುವ ಮನೆಯಾಗಿದ್ದರೆ ಎಲ್ಲ ಅಲ್ಲಿಂದಲ್ಲಿಗೆ ಇತ್ಯರ್ಥವಾಗುತ್ತಿತ್ತು.

ನಾನು ಚೊಚ್ಚಲ ಬಸುರಿಯಾದ ವರ್ಷ ಮೇಲ್ಸೀಮೆಯಲ್ಲೆಲ್ಲೋ ದೊಡ್ಡ ಕೆರೆಯೊಂದರ ಏರಿ ಒಡೆಯಿತು. ಕೆಂಪು ಸಿಹಿ ನೀರು ಹಗಲೂ ರಾತ್ರಿ ನಮ್ಮ ಮಡುವಿಗೆ ನುಗ್ಗಿತು. ಚೊಂಬಿನಲ್ಲಿ ಮೊಟ್ಟೆ ಮೊದಲು ನಡುನೀರಿನಲ್ಲಿ ನಿಂತಿತು. ಆಮೇಲೆ ತಳಕ್ಕೆ ಹೋಗಿ ಕೂತಿತು. ಮನೆಗಳು ಒಂದೊಂದೇ ಬೆರಳು ಇಳಿಯತೊಡಗಿದವು. ಊರವರೆಲ್ಲ ಮೂಟೆಗಟ್ಟಲೆ ಉಪ್ಪು ತಂದು ಸುರಿದರು. ಅಷ್ಟು ನೀರಿಗೆ ಅದು ಯಾವ ಮೂಲೆಗೆ? ಹೊಸ್ತಿಲು ಮುಳುಗಿದರೆ ನೀರು ಒಳಗೆ ಬರುತ್ತದೆ, ನೀರು ಒಳಗೆ ಬಂದ ಮನೆ ಮತ್ತೆ ಏಳುವುದಿಲ್ಲ. ಜನ ಭಾರದ ಸಾಮಾನನ್ನು ದಡಕ್ಕೆ ಸಾಗಿಸಲು ಶುರುಮಾಡಿದರು. ಒರಳು, ಬೀಸುವ ಕಲ್ಲು, ತಾಮ್ರದ ಹಂಡೆ, ಮದುವೆಯ ಮಂಚ, ಎಲ್ಲ ದಡದಲ್ಲಿ ಸಾಲಾಗಿ ಬಿಸಿಲು ಕಾಯಿಸುತ್ತಾ ಕೂತವು. ಅಪ್ಪ ತಾತನ ಫೋಟೋದ ಚೌಕಟ್ಟನ್ನೂ ಬಿಚ್ಚಿ ಕಳಿಸಿದ. ಬರೀ ತಾತ ಉಳಿದರು.

ಸಾಮಾನು ಮುಗಿದ ಮೇಲೆ ಜನರ ಸರದಿ ಬಂತು. ಅದನ್ನು ಮೊದಲು ಮಾಡಿದವನು ಎದುರುಮನೆ ಸಂಜೀವಯ್ಯ. ತನ್ನ ವಯಸ್ಸಾದ ಮಾವನನ್ನು ಕ್ಷೌರ ಮಾಡಿಸಿಕೊಂಡು ಬನ್ನಿ ಎಂದು ದಡಕ್ಕೆ ಕಳಿಸಿ, ಅವರು ಇಲ್ಲದಾಗ ನೀರಿನ ಮಟ್ಟಕ್ಕೆ ಸರಿಯಾಗಿ ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದ. ಮುದುಕರು ನುಣ್ಣಗೆ ಗಡ್ಡ ಹೆರೆಸಿಕೊಂಡು ಖುಷಿಯಾಗಿ ಬಂದು ಹೊಸ್ತಿಲಿಗೆ ಕಾಲಿಟ್ಟರು. ಗೆರೆ ನೀರೊಳಗೆ ಹೋಯಿತು. ಅವರು ಅದನ್ನು ನೋಡಿದರು, ಅಳಿಯನನ್ನೂ ನೋಡಿದರು, ಮಾರನೇ ದಿನ ದಡಕ್ಕೆ ಹೊರಟುಹೋದರು. ಅದಾದ ಮೇಲೆ ಊರಿನಲ್ಲಿ ‘ಗೆರೆ ಬಿತ್ತು’ ಎಂಬ ಮಾತು ಹುಟ್ಟಿಕೊಂಡಿತು. ಯಾರೋ ಮನೆಯಲ್ಲಿಲ್ಲದ ಹೊತ್ತಿಗೆ ಗೋಡೆಗೆ ಗೆರೆ ಬಿದ್ದರೆ, ಇಲ್ಲದವರಿಗೇ ಬಿದ್ದದ್ದು. ಕಿಟಕಿಯಲ್ಲಿ ನಿಂತು ಅದೆಲ್ಲವನ್ನೂ ನೋಡಿದ ನಂಜತ್ತೆ ಅವತ್ತು ಊಟ ಬೇಡ ಎಂದಳಂತೆ. ಅವಳು ಅದುವರೆಗೆ ಎಂದೂ ಊಟ ಬೇಡ ಎಂದವಳಲ್ಲ.

ಆದರೂ ಅಡ್ಡಾಗುವುದನ್ನು ಬಿಡಲಿಲ್ಲ. ಮೊಟ್ಟೆ ಮುಳುಗುವ ನೀರಿನಲ್ಲೂ ಮನುಷ್ಯರು ಇನ್ನೂ ತೇಲುತ್ತಿದ್ದರು. “ಈ ಸಲ ಕಿವಿಗೆ ನೀರು ಬರುತ್ತೆ ಕಣೇ, ಅಷ್ಟೆ. ಒಳ್ಳೇದೇ ಆಯ್ತು, ನಿಮ್ಮಮ್ಮ ಕಾಫಿಗೆ ಕರೆಯೋದು ಕೇಳಿಸಲ್ಲ” ಎಂದು ಆಮೇಲೆ ನನಗೆ ಹೇಳಿದಳು.

ಹೆರಿಗೆಗೆಂದು ನಾನು ಆಚೆ ದಂಡೆಯ ಗಂಡನ ಮನೆಯಿಂದ ತವರಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ನಾನು ಹೊಸ್ತಿಲು ದಾಟಿದಾಗ ಮನೆ ಕುಗ್ಗಿದ್ದು ಎಲ್ಲರಿಗೂ ಗೊತ್ತಾಯಿತು. “ಒಬ್ಬಳನ್ನ ಕಳಿಸಿದ್ವಿ, ಒಂದೂವರೆ ಜನ ವಾಪಸು ಬಂದಿದ್ದೀಯ” ಎಂದು ಅತ್ತೆ ನನ್ನ ಹೊಟ್ಟೆ ಸವರಿದಳು. ಅಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದೇ ಚಿಂತೆ. ಮಗು ಹುಟ್ಟುತ್ತದೆ, ತೊಟ್ಟಿಲು ಬರುತ್ತದೆ, ಬಾಣಂತಿಗೆ ನೀರು ಕಾಯಿಸುವ ಹಂಡೆ ವಾಪಸು ಬೇಕು. ನಮ್ಮೆಲ್ಲರ ಜೊತೆಗೆ ಅಷ್ಟನ್ನೂ ಈ ಮನೆ ಹೊರುತ್ತದೆಯೇ? ಅಳೆದು ನೋಡಬೇಕಿತ್ತು. ಆದರೆ ಅತ್ತೆಯ ಎದುರಿಗೆ ಇದ್ದಿಲು ಹಿಡಿಯುವುದು ಹೇಗೆ? ಸಂಜೀವಯ್ಯನ ಮನೆಯಲ್ಲಿ ಆದದ್ದನ್ನು ಕಂಡವಳು ಏನೆಂದುಕೊಂಡಾಳು? ‘ನಿಮಗಲ್ಲ ಅತ್ತಿಗೆ, ಮಗುವಿಗೆ’ ಎಂದು ಹೇಳಿದರೂ ಹೇಳಿದ್ದೇ ತಪ್ಪಾಗುತ್ತದೆ ಎಂದು ಅಮ್ಮನಿಗೆ ಅನಿಸಿತು. ಅವರ ಮನಸ್ಸು ನೋಯಬಾರದು, ಅವರಿಲ್ಲದಾಗ ಮಾಡಿ ಮುಗಿಸೋಣ ಎಂದಳು. ಅಪ್ಪನೂ ಹೂಂ ಎಂದ. ನಾನೂ ಅದೇ ಸರಿ ಎಂದುಕೊಂಡೆ. ಇಡೀ ಮನೆಯಲ್ಲಿ ಒಂದಾದರೂ ಒರಟು ಬಾಯಿ ಇರಬಾರದಿತ್ತೇ ಎಂದು ಈಗ ಹೊಟ್ಟೆ ಉರಿಯುತ್ತದೆ.

ಕುಡಿಯುವ ಸಿಹಿ ನೀರು ತರಲು ಅತ್ತೆ ಅಂಬಿಗ ಜವರಣ್ಣನ ದೋಣಿಯಲ್ಲಿ ದಡಕ್ಕೆ ಹೋದ ಬೆಳಿಗ್ಗೆ ಅಮ್ಮ ಕೆಲಸ ಶುರುಮಾಡಿದಳು. ಅತ್ತೆ ಕೂರುವ ಮೂಲೆಯಲ್ಲಿ ಅಪ್ಪ ಒಂದು ಉಪ್ಪಿನ ಮೂಟೆ ತಂದಿಟ್ಟ. “ಇನ್ನೊಂದು ಇಡಿ. ಅತ್ತಿಗೆ ಪಾಲು ಕಮ್ಮಿ ಆಗ್ಬಾರ್ದು, ಜಾಸ್ತೀನೇ ಇರ್ಲಿ” ಎಂದಳು ಅಮ್ಮ. ಹೊರಗೆ ನೀರಿಗಿಳಿಯುವ ತನ್ನ ಬದಲಿಗೆ ಅರ್ಧ ಮೂಟೆ ಇಡಿಸಿದಳು. ತಾನು ಸಣ್ಣಗಿದ್ದೇನೆ ಎಂಬ ಭ್ರಮೆ ಅವಳಿಗೆ ಕೊನೆತನಕ ಇತ್ತು. ಮಗು, ತೊಟ್ಟಿಲು, ಹಂಡೆಯ ಲೆಕ್ಕಕ್ಕೆ ಪಕ್ಕದ ಮನೆಯವರು ಇನ್ನೂ ದಡಕ್ಕೆ ಸಾಗಿಸದೆ ಉಳಿಸಿಕೊಂಡಿದ್ದ ಒರಳನ್ನು ನನ್ನ ಚಾಪೆಯ ಹತ್ತಿರ ಉರುಳಿಸಿದರು. ನಾನೂ ಅಪ್ಪನೂ ಅಲುಗಾಡದೆ ಕೂತೆವು. ಅಮ್ಮ ಹೊರಗೆ ನೀರಿನ ಮೇಲೆ ಮಲಗಿ ಗೋಡೆಯ ಬದಿಗೆ ಸರಿದು, ನೀರು ಮುಟ್ಟಿದ ಕಡೆ ಇದ್ದಿಲಿನಿಂದ ದಪ್ಪಗೆ ಗೆರೆ ಎಳೆದಳು. ಗೆರೆಯಿಂದ ಹೊಸ್ತಿಲಿಗೆ ಇನ್ನೂ ನಾಲ್ಕು ಬೆರಳು ಜಾಗ ಇತ್ತು.

ಅಮ್ಮ ಒದ್ದೆ ಸೀರೆಯಲ್ಲೇ ಒಳಗೆ ಓಡಿಬಂದಳು. “ಎಲ್ಲಾರೂ ಹಿಡಿತೀವಿ ಕಣೇ! ಒಬ್ಬರೂ ಹೋಗ್ಬೇಕಾಗಿಲ್ಲ!” ಎಂದು ನನ್ನ ಮುಖ ಹಿಡಿದುಕೊಂಡು ಅತ್ತಳು. ಅಪ್ಪ ಅತ್ತೆಯ ಮೂಲೆಯ ಮೂಟೆಗಳನ್ನು ತಟ್ಟಿ “ಏಳಕ್ಕ, ಆಯ್ತು” ಎಂದು ತಮಾಷೆ ಮಾಡಿದ. ಮೂಟೆ, ಒರಳು ಎಲ್ಲವನ್ನೂ ಹೊರಗೆ ಸಾಗಿಸಿದರು. ಮನೆ ಮೇಲೆದ್ದಿತು. ಗೆರೆ ನೀರಿನಿಂದ ಬಹಳ ಮೇಲೆ ಹೋಗಿ ಬಿಸಿಲಿಗೆ ಒಣಗತೊಡಗಿತು. ಅಮ್ಮ ಪಾಯಸಕ್ಕೆ ಬೆಲ್ಲ ಕುಟ್ಟಿದಳು. ಅತ್ತೆ ಬಂದು ಕಾಲಿಡಲಿ, ನೀರು ಗೆರೆಗೆ ಮುಟ್ಟದೇ ಇರುವುದನ್ನು ಅವಳೇ ನೋಡಲಿ, ಆಗ ಎಲ್ಲ ಹೇಳಿ ನಗೋಣ ಎಂದಳು.

ದೋಣಿ ಬಂತು. ಅದರಲ್ಲಿ ಜವರಣ್ಣ ಇದ್ದ, ನೀರು ತುಂಬಿದ ಬಿಂದಿಗೆ ಇತ್ತು, ಅತ್ತೆ ಇರಲಿಲ್ಲ. “ಆಗ್ಲೇ ಒಂದ್ಸಲ ಮಡುವಿನ ತಿರುವಿನಗಂಟ ಬಂದಿದ್ವಲ್ಲ. ಆ ತಿರುವಿಂದ ನಿಮ್ಮನೆ ಕಾಣ್ತಿತ್ತು. ಸಾಕಮ್ಮೋರು ನೀರಲ್ಲಿ ಮಲ್ಕೊಂಡು ಗೋಡೆಗೆ ಏನೋ ಬಳೀತಿದ್ರು. ನಂಜಮ್ಮೋರು ನೋಡುದ್ರು. ‘ದೋಣಿ ತಿರುಗಿಸಪ್ಪ ಜವರ’ ಅಂದ್ರು. ದಡದಲ್ಲಿ ಏನೋ ಮರ್ತು ಬಂದವ್ರೆ ಅನ್ಕೊಂಡೆ ಕಣವ್ವ. ಇಳಿದ್ಬುಟ್ಟು, ನೀರು ಮಾತ್ರ ಮನೆಗೆ ಕೊಟ್ಬುಡು, ಬಸುರಿ ಹುಡುಗಿ ಅವ್ಳೆ, ಅಂದ್ರು” ಎಂದು ನನಗೆ ಹೇಳಿ ಬಿಂದಿಗೆ ಇಳಿಸಿದ. ಅಮ್ಮನ ಕೈಯಲ್ಲಿ ಇದ್ದಿಲಿನ ಕಪ್ಪು ಇನ್ನೂ ಇತ್ತು. ಅವಳು ಬಿಂದಿಗೆ ಮುಟ್ಟಲಿಲ್ಲ.

ಇನ್ನೊಂದಿಷ್ಟು ದೂರ ಬಂದಿದ್ದರೆ ಸಾಕಿತ್ತು. ಒಂದು ಕಾಲು, ಒಂದೇ ಒಂದು ಕಾಲು ಹೊಸ್ತಿಲೊಳಗೆ ಇಟ್ಟಿದ್ದರೆ ಅವಳಿಗೆ ಎಲ್ಲ ತಿಳಿದುಹೋಗುತ್ತಿತ್ತು. ಸಂಜೀವಯ್ಯನ ಮಾವನಿಗೆ ಬಿದ್ದ ಗೆರೆ ಮುಳುಗಿದ ಹಾಗೆ ಈ ಗೆರೆ ಮುಳುಗುತ್ತಿರಲಿಲ್ಲ. ಇಷ್ಟು ವರ್ಷಗಳಾದರೂ ನಾನು ಆ ತಿರುವಿನಲ್ಲಿ ದೋಣಿಯಲ್ಲಿ ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ.

ಮಾರನೇ ದಿನ ಅಪ್ಪ ಹುಡುಕಿಕೊಂಡು ಹೋದ. ಅತ್ತೆ ಸಿಹಿಸೀಮೆಯಲ್ಲಿ ತನ್ನ ಗಂಡನ ಕಡೆಯವರ ಮನೆಯ ಜಗಲಿಯಲ್ಲಿ ಕೂತು ಅವರ ಅವರೆಕಾಯಿ ಸುಲಿಯುತ್ತಿದ್ದಳಂತೆ. ಅಪ್ಪ ವಾಪಸು ಬಂದು ಆ ಮಾತುಕತೆಯನ್ನು ನಮಗೆ ಎಷ್ಟು ಸಲ ಹೇಳಿದನೆಂದರೆ ನಾನೇ ಅಲ್ಲಿದ್ದ ಹಾಗೆ ನೆನಪಿದೆ.

“ಗೆರೆ ನೋಡ್ದೆ ಕಣೋ ತಮ್ಮಯ್ಯ. ಬೇಜಾರಿಲ್ಲ. ಸಾಕಮ್ಮನ ಬಾಯಲ್ಲಿ ಆ ಮಾತು ಬರಲ್ಲ ಅಂತ ನಂಗೊತ್ತಿತ್ತು, ನಾನೇ ಮೊದ್ಲೇ ಹೊರಡ್ಬೇಕಿತ್ತು.”

“ಅಕ್ಕಾ, ಅದು ನಿನಗೆ ಹಾಕಿದ್ದಲ್ಲ. ನಿನ್ನನ್ನೂ ಸೇರಿಸಿ ಹಾಕಿದ್ದು. ನಿನ್ನ ಜಾಗದಲ್ಲಿ ಎರಡು ಮೂಟೆ ಉಪ್ಪು ಇಟ್ಟಿದ್ವಿ.”

ಅತ್ತೆ ನಕ್ಕಳಂತೆ. “ನನ್ನ ಬದ್ಲು ಉಪ್ಪಿನ ಮೂಟೆ! ದಾರೀಲಿ ಬರ್ತಾ ಬರ್ತಾ ಚೆನ್ನಾಗೇ ಹೊಂದಿಸ್ಕೊಂಡು ಬಂದಿದ್ದೀಯ. ಚಿಕ್ಕೋನಿದ್ದಾಗ್ಲೂ ನಂಗೆ ಹೀಗೇ ಸುಳ್ಳು ಹೇಳ್ತಿದ್ದೆ, ನಾನು ಅಳಬಾರ್ದು ಅಂತ.”

ಅಪ್ಪ ಆಣೆ ಇಟ್ಟ. ಜಗಲಿಯ ಮೇಲೆ ಕೂತು ಅತ್ತ. ಕೊನೆಗೆ ಅವಳು ಸಡಿಲಾದಳು. “ಸರಿ ಬಿಡು. ಮಗೂಗೆ ಹೆಸರಿಡೋ ದಿನ ಬರ್ತೀನಿ. ನಾನೇ ಹೊಸ್ತಿಲಿಗೆ ಕಾಲಿಟ್ಟು ನೋಡ್ತೀನಿ. ಗೆರೆ ಒಣಗೇ ಇದ್ರೆ ನಿಮ್ಮನೆ ಮೂಲೆ ಬಿಟ್ಟು ಏಳಲ್ಲ, ಸಾಯೋವರ್ಗೂ ನೀವೇ ಅನುಭವಿಸ್ಬೇಕು. ಒದ್ದೆಯಾದ್ರೆ ಪಾಯಸ ಕುಡ್ದು ವಾಪಸು ಬರ್ತೀನಿ. ಅಲ್ಲೀಗಂಟ ನನ್ನ ಒತ್ತಾಯ ಮಾಡ್ಬೇಡ.” ಅಪ್ಪ ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಬಂದ. ಅಮ್ಮನೂ ಚೇತರಿಸಿಕೊಂಡಳು. ದಿನಾ ಬೆಳಿಗ್ಗೆ ಚೊಂಬಿಗೆ ಮೊಟ್ಟೆ ಬಿಡುವುದನ್ನು ಅವಳೇ ವಹಿಸಿಕೊಂಡಳು. ಮಳೆ ಹೊಳವಾಗಿತ್ತು, ಹೊಸ ನೀರು ಬರುವುದು ನಿಂತಿತ್ತು. ಮೊಟ್ಟೆ ತಳದಲ್ಲೇ ಕೂತಿತ್ತು, ಮನೆ ಮಾತ್ರ ಮತ್ತೆ ಇಳಿಯಲಿಲ್ಲ. ಅಮ್ಮ ಗೆರೆಯ ಮೇಲೆ ನೀರು ಎರಚದ ಹಾಗೆ ಪಾತ್ರೆ ತೊಳೆಯುತ್ತಿದ್ದಳು. ಅತ್ತಿಗೆ ಬಂದು ನೋಡುವ ತನಕ ಅದು ಅಳಿಸಬಾರದು ಎಂದು ನನ್ನನ್ನೂ ಆ ಕಡೆ ಬಟ್ಟೆ ಹಿಂಡಲು ಬಿಡುತ್ತಿರಲಿಲ್ಲ.

ನನಗೆ ದಿನ ತುಂಬುವ ಮೊದಲೇ ಸಿಹಿಸೀಮೆಯಿಂದ ಆಳು ಬಂದ. ನಂಜತ್ತೆ ಆ ಊರಿನ ಕೆರೆಯಲ್ಲಿ ಹೋಗಿಬಿಟ್ಟಿದ್ದಳು.

ಆ ಊರಿನವರು ಅವಳು ಜೀವ ಬೇಸತ್ತು ಹಾರಿಕೊಂಡಳು ಎಂದರು. ಆಚೆ ದಡದಿಂದ ಕಂಡವರು, ಬಿದ್ದವಳು ಕೈಕಾಲು ಬಡಿಯಲಿಲ್ಲ, ಕೂಗಲಿಲ್ಲ, ಅದಕ್ಕೇ ಹಾಗೆ ಎಂದರು. ಅಪ್ಪ ಕೆರೆಯ ಮೆಟ್ಟಿಲಿಳಿದು ನೋಡಿದ. ಕೊನೆಯ ಮೆಟ್ಟಿಲಿನ ಕಲ್ಲುಗೂಟಕ್ಕೆ, ಮೇಲೆತ್ತುವಾಗ ಹರಿದ ಅತ್ತೆಯ ಸೆರಗಿನ ತುದಿ ಇನ್ನೂ ಗಂಟು ಹಾಕಿದಂತೇ ಇತ್ತು. ಅವಳು ಯಾವಾಗಲೂ ಹಾಕುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. ಎಲೆಯಡಿಕೆ ಪೆಟ್ಟಿಗೆ ಸ್ವಲ್ಪ ದೂರದಲ್ಲಿ ಇನ್ನೂ ತೇಲುತ್ತಿತ್ತು. ಅಷ್ಟು ದಿನ ಜಗಲಿಯಲ್ಲೇ ಅಡ್ಡಾಗುತ್ತಿದ್ದವಳು ಅವತ್ತು ಕೆರೆಗೆ ಇಳಿದಿದ್ದಳಂತೆ. ಮಧ್ಯಾಹ್ನ ಊಟವಾಗಿತ್ತು, ನಿದ್ದೆ ಬಂದಿತ್ತು, ನೀರು ಕಂಡಿತ್ತು, ಅಡ್ಡಾದಳು, ಅಷ್ಟೆ. ಹಾಸಿಗೆ ಇದೆ ಎಂದು ನಂಬಿ ಮೈಬಿಡುವ ಹಾಗೆ ಆ ಬಡಕಲು ನೀರಿನ ಮೇಲೆ ಮೈಬಿಟ್ಟಳು. ಅದು ಸರಿಯುತ್ತಾ ಸರಿಯುತ್ತಾ ಹೋಯಿತು. ಸಾಯಲು ಹೊರಟವಳು ದೂರ ತೇಲಿಹೋಗಬಾರದೆಂದು ಸೆರಗು ಕಟ್ಟುತ್ತಾಳೆಯೇ? ಆ ಗಂಟೊಂದು ಇಲ್ಲದಿದ್ದರೆ ನಾವು ಬದುಕುವುದೇ ಕಷ್ಟವಿತ್ತು. ಗಂಟಿದ್ದರೂ ಕಷ್ಟವೇ. ನಮ್ಮ ಮೂಲೆಯಲ್ಲಿ ಕೂತಿರಬೇಕಾದವಳಿಗೆ ಆ ಕೆರೆಯಲ್ಲಿ ಏನು ಕೆಲಸವಿತ್ತು?

ಅಪ್ಪ ಅವಳನ್ನು ಅಲ್ಲಿ ಮಣ್ಣು ಮಾಡಲು ಬಿಡಲಿಲ್ಲ. ಜವರಣ್ಣನ ದೋಣಿಯಲ್ಲಿ ಮನೆಗೆ ಕರೆತಂದ. ಬೆಳಿಗ್ಗೆಯ ಬಿಸಿಲಿನಲ್ಲಿ ದೋಣಿ ತಿರುವು ದಾಟಿ ಬರುವುದು ನನಗೂ ಅಮ್ಮನಿಗೂ ಬಾಗಿಲಿನಿಂದ ಕಂಡಿತು. ಈ ಸಲ ಅದು ತಿರುಗಿ ಹೋಗಲಿಲ್ಲ. ಎದುರುಮನೆಯ ಹೊಸ್ತಿಲಿನಲ್ಲಿ ಸಂಜೀವಯ್ಯ ಎದ್ದು ನಿಂತ. ಬಾಗಿಲ ಹತ್ತಿರ ದೋಣಿ ನಿಲ್ಲಿಸಿ ಜವರಣ್ಣ ಅತ್ತೆಯ ಕಾಲಿನ ಕಡೆ ಹಿಡಿದು ಎತ್ತಿಕೊಟ್ಟ, ತಾನು ಮಾತ್ರ ಒಳಗೆ ಬರಲಿಲ್ಲ. “ನಾನು ಹತ್ತುದ್ರೆ ಲೆಕ್ಕ ತಪ್ಪೋಯ್ತದೆ ಕಣವ್ವ” ಎಂದು ದೋಣಿಯಲ್ಲೇ ನಿಂತು ಮುಖ ಒರೆಸಿಕೊಂಡ. ಅಪ್ಪನೂ ಅಮ್ಮನೂ ಅವಳನ್ನು ಹೊಸ್ತಿಲು ದಾಟಿಸಿ ಅವಳ ಮೂಲೆಯಲ್ಲಿ ಮಲಗಿಸಿದರು.

ಮನೆ ಕುಗ್ಗಿತು. ಗೂಡಿನ ದೀಪ ಆ ಕಡೆ ವಾಲಿತು. ಹೊರಗೆ ಗೋಡೆಯನ್ನು ನೀರು ನೆಕ್ಕುತ್ತಾ ಏರುವ ಸದ್ದು ಕೇಳಿಸಿತು, ಆಮೇಲೆ ನಿಂತಿತು. ನಾವು ಅಳುವುದನ್ನೂ ಮರೆತು ಆ ಸದ್ದನ್ನೇ ಕೇಳುತ್ತಿದ್ದೆವು.

ಅಮ್ಮ ಹೊಸ್ತಿಲಿನ ಮೇಲೆ ಬೋರಲು ಮಲಗಿ, ತಲೆ ಹೊರಗೆ ಚಾಚಿ, ಕೈ ಕೆಳಗೆ ಬಿಟ್ಟಳು. ಗೋಡೆಯನ್ನು ಬೆರಳಿನಿಂದ ಉಜ್ಜಿದಳು. ಎದ್ದು ಬಂದು ಅತ್ತೆಯ ಪಕ್ಕ ಕೂತು ಆ ಬೆರಳನ್ನು ಅವಳ ಮುಚ್ಚಿದ ಕಣ್ಣಿನ ಮುಂದೆ ಹಿಡಿದಳು. ಬೆರಳಿಗೆ ಇದ್ದಿಲಿನ ಪುಡಿ ಹತ್ತಿತ್ತು. ಒಂದು ಹನಿ ನೀರಿನ ಪಸೆ ಇರಲಿಲ್ಲ.

“ನೋಡಿ ಅತ್ತಿಗೆ, ಒಣಗೇ ಇದೆ ನೋಡಿ. ನಿಮ್ಮನ್ನೂ ಸೇರಿಸ್ಕೊಂಡು ಒಣಗೇ ಇದೆ. ಒಂದ್ಸಲ ಕಣ್ಣು ಬಿಟ್ಟು ನೋಡಿ” ಎಂದಳು. ನೋಡಿ, ನೋಡಿ ಎಂದು ಹೇಳುತ್ತಲೇ ಅತ್ತೆಯ ಮುಖ ಸವರಿದಳು. ಬೆರಳಿನ ಕಪ್ಪು ಅತ್ತೆಯ ಕೆನ್ನೆಗೆ ಹತ್ತಿತು. ನಾವು ಯಾರೂ ಅದನ್ನು ಒರೆಸಲಿಲ್ಲ.